ಬಿದ್ದವನನ್ನು ಕಡಿಯುವ ಗುಂಡಿ

ನಾನು ಒಂದು ವಿಡಿಯೋ ಗೇಮಿನ ಡಿಸ್ಕ್. ಅಂಗೈಯಗಲದ ಹೊಳೆಯುವ ತಟ್ಟೆ. ನನ್ನೊಳಗೆ ಒಂದು ಕೋಟೆ, ಏಳು ಬಾಗಿಲು, ಒಬ್ಬ ಕತ್ತಿಯ ವೀರ ಮತ್ತು ಬೇಕಾದಷ್ಟು ರಕ್ತ. ಇದೇ ಆಟ ಹದಿನೈದು ವರ್ಷದ ಹಿಂದೆ ಒಮ್ಮೆ ಬಂದಿತ್ತು. ಆ ಹಳೆಯ ಡಿಸ್ಕ್ ನನ್ನ ಅಣ್ಣ. ಅದನ್ನೇ ತಿದ್ದಿ ತೀಡಿ, ಹೊಸ ಬಣ್ಣ ಕೊಟ್ಟು ನನ್ನನ್ನು ಹುಟ್ಟಿಸಿದರು.

ಜಮಖಂಡಿ ಕಡೆಯ ಒಂದು ಊರು. ಗರಡಿ ಮನೆಯ ಎದುರಿಗೆ ದಸ್ತಗೀರನ ಗೇಮ್ ಅಂಗಡಿ. ಅಲ್ಲಿಗೆ ಬಂದ ದಿನವೇ ನನ್ನ ಗುಣದೋಷಗಳ ವಿಚಾರಣೆ ನಡೆಯಿತು.

"ಕುದ್ರಿ ಬೆವರು ಸುದ್ದಾ ಕಾಣತೈತಿ ನೋಡ್ರಿ," ಎಂದ ದಸ್ತಗೀರ. ನಿಜ. ಅಣ್ಣನಲ್ಲಿ ಕಡಿದ ತಲೆ ಉರುಳಿ ಮಾಯವಾಗುತ್ತಿತ್ತು; ನನ್ನಲ್ಲಿ ಕಣ್ಣು ತೆರೆದೇ ಬಿದ್ದಿರುತ್ತದೆ, ರಕ್ತ ಹುಲ್ಲಿಗೆ ಅಂಟುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೆ ಕತ್ತಿ ಏಳುತ್ತದೆ.

"ಮಂಜು ಎಲ್ಲಿ ಹೋತೋ?" ಎಂದ ಎದುರಿನ ಗರಡಿಯ ಭರಮಪ್ಪ ಪೈಲ್ವಾನ. ಅಣ್ಣನ ಕೋಟೆಯಲ್ಲಿ ದಟ್ಟ ಮಂಜಿತ್ತು. ಯಾರು ಎಲ್ಲಿಂದ ಮೈಮೇಲೆ ಬೀಳುತ್ತಾರೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನನ್ನಲ್ಲಿ ಎಲ್ಲವೂ ನಿಚ್ಚಳ. ಮಂಜಿನ ಜೊತೆ ಹೆದರಿಕೆಯೂ ಹೋಗಿತ್ತು.

ಭರಮಪ್ಪನ ಬಲಗೈ ಕುಸ್ತಿಯಲ್ಲಿ ಮುರಿದದ್ದು. ಅವನ ಬೆನ್ನು ಮಣ್ಣಿಗೆ ಹತ್ತಿ, ಕುಸ್ತಿ ಮುಗಿದ ಮೇಲೂ ಯಮನಪ್ಪನೆಂಬವನು ಆ ಕೈಯನ್ನು ತಿರುವಿದ್ದ. ಅಂದಿನಿಂದ ಭರಮಪ್ಪನಿಗೆ ಕುಸ್ತಿ ಇಲ್ಲ. ಹಿಂದೆಂದೋ ಗೆದ್ದು ಸುತ್ತಿಸಿಕೊಂಡ ರುಮಾಲು, ಆ ಪಟಕಾ ಮಾತ್ರ ತಲೆಯ ಮೇಲಿತ್ತು. ಮುರಿದ ಕೈಯ ಬೆರಳಿಗೆ ಚುರುಕು ಬರಲೆಂದು ಅಣ್ಣನನ್ನು ಆಡಿ ಆಡಿ ಪಳಗಿದ್ದ.

ಒಂದು ಅಮಾವಾಸ್ಯೆ, ಎತ್ತು ಹೂಡದ ದಿನ, ಯಮನಪ್ಪ ಅಂಗಡಿಗೆ ಬಂದ. "ಏನ್ ಪೈಲ್ವಾನ್ರ, ಮಣ್ಣಾಗ ಆಗ್ಲಿಲ್ಲಂತ ಟೀವಿಯಾಗ ಜಿಗ್ಯಾಕ್ಹತ್ತೀರಿ? ಏಳನೇ ಬಾಗ್ಲದ ರಾಕ್ಷಸನ್ನ ಯಾರು ಮೊದ್ಲ ಕೊಲ್ತಾರ, ಆ ಪಟಕಾ ಅವ್ರದು. ಹೂಂ ಅಂತೀರೇನ?"

"ಕುಂದ್ರ ಬಾರಲೇ," ಎಂದ ಭರಮಪ್ಪ. ಉಳಿದಿದ್ದ ಒಂದೇ ಮಾನವನ್ನು ಪಣಕ್ಕಿಟ್ಟ.

ಮೊದಲ ಸರದಿ ಅವನದು. ರಾಕ್ಷಸನ ತೋಳು ಹಾರಿಸಿದ, ಮೊಣಕಾಲು ಸೀಳಿದ. ರಾಕ್ಷಸ ಅಂಗಾತ ಬಿದ್ದ. ಭರಮಪ್ಪ ಗುಂಡಿಗಳ ಪ್ಯಾಡ್ ಕೆಳಗಿಟ್ಟು, ನೆಲ ಮುಟ್ಟಿ ಹಣೆಗೊತ್ತಿಕೊಂಡ. ಬೆನ್ನು ನೆಲ ಕಂಡವನ ಮೇಲೆ ಕೈ ಎತ್ತಬಾರದು. ಗರಡಿಯ ಮೊದಲ ಪಾಠವೇ ಅದು. ಅಣ್ಣನಲ್ಲಿ ಅಷ್ಟಕ್ಕೇ ಆಟ ಮುಗಿಯುತ್ತಿತ್ತು. ನನ್ನಲ್ಲಿ ಬಿದ್ದವನ ಕುತ್ತಿಗೆಯ ಮೇಲೆ ಕೆಂಪು ಗುರುತು ಮೂಡುತ್ತದೆ. ಗುಂಡಿ ಒತ್ತಿ ಕಡಿಯಬೇಕು. ಕಡಿಯದಿದ್ದರೆ ಏಳುತ್ತಾನೆ. ಎದ್ದ. ವೀರನನ್ನು ಎರಡು ಹೋಳು ಮಾಡಿದ.

"ಬಿದ್ದವನ್ನ ಬಿಟ್ರ ಹಿಂಗ ಆಗೂದು!" ಯಮನಪ್ಪ ತೊಡೆ ತಟ್ಟಿದ. ಆದರೆ ತನ್ನ ಸರದಿಯಲ್ಲಿ ಅವನು ರಾಕ್ಷಸನ ಹತ್ತಿರಕ್ಕೂ ಹೋಗದೆ ಸತ್ತ.

ಎರಡನೇ ಸರದಿ. ರಾಕ್ಷಸ ಮತ್ತೆ ಅಂಗಾತ. ಭರಮಪ್ಪನ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು.

"ಒತ್ರಿ ಕಾಕಾ, ಪಟಕಾ ಹೋಗ್ತೈತಿ!" ದಸ್ತಗೀರ ಕೂಗಿದ.

ಒತ್ತಿದ. ಕತ್ತಿ ಕುತ್ತಿಗೆಗಿಳಿಯಿತು. ಅಲ್ಲಿಗೆ ಗೆದ್ದಾಗಿತ್ತು. ಆದರೂ ಒತ್ತುತ್ತಲೇ ಹೋದ, ಆ ಮುರಿದ ಕೈಯಿಂದ, ಯಮನಪ್ಪನ ಮುಖವನ್ನೇ ನೋಡುತ್ತ. ಪ್ರತಿ ಒತ್ತಿಗೂ ಹೆಣ ಅದುರಿತು, ಮಾಂಸ ಹರಿಯಿತು, ಎಲುಬು ಬಿಳಿಯಾಗಿ ಕಂಡಿತು. ನನ್ನನ್ನು ಅಷ್ಟು ಚೆನ್ನಾಗಿ ಮಾಡಿದ್ದರು.

"ಸತ್ತೈತೋ ಯಪ್ಪಾ, ಬಿಡೋ..." ಯಮನಪ್ಪ ಗೋಡೆಗೆ ಸರಿದ.

ಭರಮಪ್ಪ ನಿಲ್ಲಿಸಿದ. ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದ.

"ಗೆದ್ರೆಲ್ಲ ಕಾಕಾ!" ಎಂದ ದಸ್ತಗೀರ.

"ಬಿದ್ದವನ್ನ ಬಡದ್ನಿ ಅನ್ನು," ಎಂದು ಭರಮಪ್ಪ ಪಟಕಾ ಬಿಚ್ಚಿ ಕಂಕುಳಲ್ಲಿಟ್ಟ. ನನ್ನನ್ನು ಯಂತ್ರದಿಂದ ಹೊರಗೆಳೆದು ಗೋಡೆಗೆ ಅಪ್ಪಳಿಸಿದ. ಮೈ ಸೀಳಿತು. ಮತ್ತೆ ನಾನು ಆಡಲಿಲ್ಲ.

ಈಗ ಅವನ ಜೋಳದ ಹೊಲದಲ್ಲಿ, ಹಕ್ಕಿ ಬೆದರಿಸಲು, ದಾರದಲ್ಲಿ ತೂಗುತ್ತಿದ್ದೇನೆ. ಮರುದಿನ ಅಂಗಡಿಗೆ ಬಂದು, ನನ್ನನ್ನು ಕೇಳಿ ತಂದು ಕಟ್ಟಿದವನೂ ಅವನೇ. ಬಿಸಿಲಲ್ಲಿ ಬರಿದಲೆಯಲ್ಲೇ ತಿರುಗುತ್ತಾನೆ.

ಮೊನ್ನೆ ಅವನ ಕವಣೆಯ ಕಲ್ಲಿಗೆ ಒಂದು ಗಿಳಿ ಬಿತ್ತು. ಓಡಿ ಹೋಗಿ, ಮೊಣಕಾಲೂರಿ, ಅಂಗೈಯಲ್ಲಿ ನೀರು ಹಿಡಿದು ಬಹಳ ಹೊತ್ತು ಕೂತ. ಬದುಕಿತೋ ಇಲ್ಲವೋ, ದಂಟು ಅಡ್ಡವಾಗಿ ನನಗೆ ಕಾಣಲಿಲ್ಲ. ನನ್ನನ್ನು ತಿದ್ದಿದವರು ಕುದುರೆಗೆ ಬೆವರು ಕೊಟ್ಟಿದ್ದರು, ಹೆಣಕ್ಕೆ ಕಣ್ಣು ಕೊಟ್ಟಿದ್ದರು. ಬಿದ್ದವನಿಗೆ ನೀರು ಕುಡಿಸಲು ಒಂದು ಗುಂಡಿ ಇಟ್ಟಿರಲಿಲ್ಲ.