ಪುಡಿ ಬಂಡೆಯಾದ ದಿನ

ಬಡಗಿ ಶವಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಾಗಲೂ ಸತ್ತವನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಅಮ್ಮಾ, ಪೆಟ್ಟಿಗೆ ಮುಚ್ತಾರಂತೆ. ಒಂದ್ಸಲ ಬಂದು ಅಪ್ಪನ ಮುಖ ನೋಡು," ಎಂದಳು ಮಗಳು.

"ದಿನಾ ನೋಡಿದ ಮುಖ ತಾನೇ? ಮುಚ್ಚೋಕೆ ಹೇಳು."

ನೋಡಿದ್ದು ನಿಜ, ಮಾತಾಡಿದ್ದಿಲ್ಲ. ತನ್ನ ತಮ್ಮ ಸತ್ತ ದಿನದಿಂದ ಆಕೆ ಗಂಡನನ್ನು 'ರೀ' ಎಂದು ಕರೆದದ್ದೇ ಇಲ್ಲ. ಏನಿದ್ದರೂ ಮಗಳ ಕೈಲಿ ಹೇಳಿಸುತ್ತಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು, ಅಷ್ಟೇ. ಆ ಮನುಷ್ಯನೋ, ಕುಕ್ಕಿದ ಸದ್ದಿಗೆ ಎದ್ದು ಬಂದು ತೆಪ್ಪಗೆ ಉಣ್ಣುತ್ತಿದ್ದ. ಎಂಥ ಸಂಸಾರವಪ್ಪಾ!

"ನನ್ನ ತಮ್ಮ ಒಳಗೆ ಸಾಯ್ತಿದ್ದಾಗ ಹೊರಗೆ ನಿಂತು ನೋಡಿದ್ರು. ಈಗ ನಾನ್ಯಾಕೆ ಹೋಗಿ ನೋಡಲಿ?"

* * *

ಗಂಡ, ತಮ್ಮ ಇಬ್ಬರೂ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿದ್ದರು. ತಮ್ಮನ ಬಾಯಲ್ಲಿ ಕೇಳಿ ಕೇಳಿ ಇಡೀ ಪಾಳಿಯೇ ಆಕೆಯ ಗಂಡನನ್ನು 'ಭಾವ' ಎನ್ನುತ್ತಿತ್ತು. ಎತ್ತರದ ಉಕ್ಕಿನ ರಿಯಾಕ್ಟರಿನೊಳಗೆ ಅನಿಲ ನುಗ್ಗಿಸಿದರೆ ಅದು ಪ್ಲಾಸ್ಟಿಕ್ ಪುಡಿಯಾಗಿ, ಕುದಿಯುವ ಗಂಜಿಯಂತೆ ಮೇಲೆದ್ದು ಕುಣಿಯುತ್ತಿತ್ತು. ಕಾವಿನ ಹದ ತಪ್ಪಿದರೆ ಪುಡಿ ಕರಗಿ ಬಂಡೆಯಾಗುತ್ತದೆ. ಆ ಸಲ ಹಾಗೇ ಆಯಿತು.

ಬೆಂಕಿ ಹತ್ತದಿರಲೆಂದು ಒಳಗೆ ನೈಟ್ರೋಜನ್ ತುಂಬಿದರು. ಆಮೇಲೆ ಅದನ್ನು ಹೊರಹಾಕಿ, ಗಾಳಿ ಬಿಟ್ಟ ಮೇಲೆ, ಬಂಡೆ ಒಡೆಯಲು ತಮ್ಮ ಸುತ್ತಿಗೆ ಹಿಡಿದು ಇಳಿದ. ಒಬ್ಬ ನುಸುಳುವಷ್ಟೇ ಬಾಯಿ. ಅದರ ಮುಂದೆ ಭಾವ ಕಾವಲು. ನೈಟ್ರೋಜನ್ ವಾಲ್ವನ್ನು ಯಾರೋ ಪೂರ್ತಿ ಮುಚ್ಚಿರಲಿಲ್ಲ; ಆ ಅನಿಲ ಮತ್ತೆ ಒಳಗೆ ಸೋರಿ ಉಸಿರಾಡುವ ಗಾಳಿಯನ್ನು ಹೊರದೂಡುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸುತ್ತಿಗೆಯ ಸದ್ದು ನಿಂತಿತು.

ಉಸಿರಾಟದ ಮುಖವಾಡಗಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಖವಾಡವಿಲ್ಲದೆ ಕಾವಲಿನವನು ಒಳಗೆ ಹೋಗಕೂಡದು, ಅದು ನಿಯಮ. ನಿಯಮ ಪಾಲಿಸಿದನೆಂದು ಕಾರ್ಖಾನೆಯವರು ಭಾವನ ಬೆನ್ನು ತಟ್ಟಿದರು. ಅಕ್ಕನ ಹೊಟ್ಟೆ ಉರಿದದ್ದು ಅದಕ್ಕೇ.

* * *

ಅಡುಗೆಮನೆಯ ಬಾಗಿಲಿಗೆ ಅದೇ ಪಾಳಿಯ ಹಳೆಯ ಫಿಟ್ಟರ್ ಬಂದು ನಿಂತ.

"ಅಕ್ಕಾ, ಭಾವ ನಿಂತು ನೋಡಲಿಲ್ಲ. ಸೊಂಟದ ತನಕ ಒಳಗೆ ನುಗ್ಗಿಬಿಟ್ಟಿದ್ರು. ಕಾಲು ಹಿಡಿದು ಆಚೆ ಎಳೆದಿದ್ದು ನಾನು. ಎದ್ದು ಹೋಗದ ಹಾಗೆ ಎದೆ ಮೇಲೆ ಕೂತೆ. ಬಿಡೋ ಪಾಪಿ, ಬಿಡೋ ಅಂತ ಕೈ ಕಚ್ಚಿದ್ರು."

ಒರೆಸುವ ಕೈ ನಿಂತಿತು.

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಭಾವನೇ ಹೇಳೋಕೆ ಬಿಡಲಿಲ್ಲ. 'ತಮ್ಮನ್ನ ಕಳ್ಕೊಂಡಿದ್ದಾಳೆ, ಸಿಟ್ಟು ತೀರಿಸ್ಕೊಳ್ಳೋಕೆ ಒಬ್ಬ ಬೇಕಲ್ವೇನೋ? ಮನೇಲಿ ನಾನಿದ್ದೀನಿ. ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ' ಅಂದ್ರು. ನಾನೂ ಸುಮ್ಮನಾದೆ. ನನಗೂ ಅದೇ ಹಾಯಾಗಿತ್ತು ಅಕ್ಕಾ."

"ಹಾಳಾಗಿ ಹೋಗು," ಎಂದಳು. ಅಂದದ್ದು ಯಾರಿಗೋ ಅವಳಿಗೇ ಗೊತ್ತಾಗಲಿಲ್ಲ.

ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ಹೊರಗೆ ಬಂದಳು. ಜನ ದಾರಿ ಬಿಟ್ಟರು. ಪೆಟ್ಟಿಗೆಯ ಅಂಚು ಹಿಡಿದು ಬಾಗಿದಾಗ ಮಗಳು ಹತ್ತಿರ ಬಂದು, "ಏನು ಹೇಳ್ಬೇಕಮ್ಮಾ ಅಪ್ಪನಿಗೆ?" ಎಂದಳು. ಆಕೆ ಅವಳನ್ನು ಪಕ್ಕಕ್ಕೆ ಸರಿಸಿದಳು.

"ರೀ," ಎಂದಳು.

ಗಂಟಲು ಸರಿಮಾಡಿಕೊಂಡು, ಸ್ವಲ್ಪ ಜೋರಾಗಿ, ಇನ್ನೊಮ್ಮೆ "ರೀ" ಎಂದಳು. ಆಮೇಲೆ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು ಹಾಗೇ ಇದ್ದುಬಿಟ್ಟಳು. ಬಡಗಿ ಮುಚ್ಚಳವನ್ನು ಗೋಡೆಗೆ ಒರಗಿಸಿದ.