ಭೂಮಿತಾಯಿಗೆ ಕಡುಬು, ಕನ್ನಮ್ಮನಿಗೆ ಗಂಜಿ

ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕೇರಿಯ ಹೆಂಗಸರೆಲ್ಲ ಕನ್ನಮ್ಮನ ಜಗಲಿಗೇ ಬರುತ್ತಾರೆ. ಗದ್ದೆಗೆ ಎಡೆ ಹೊರುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಲು ತಾಳಗುಪ್ಪದ ಸುತ್ತಿನಲ್ಲಿ ಅವಳಂಥವಳು ಇನ್ನೊಬ್ಬಳಿಲ್ಲ. ಈ ಸಲ ಮಾತ್ರ ಅವಳ ಗೆರೆ ನಡುಗಿತು.

ನಾನು ಪಕ್ಕದ ಮನೆಯ ಶೇಷಮ್ಮ. ಬಾಯಿ ಜೋರು ಎಂದು ಊರೆಲ್ಲ ಹೆಸರು. ಕಂಡ ಮೇಲೆ ಕೇಳದೆ ಇರಲಾಗಲಿಲ್ಲ.

"ಎಂತದೇ ಕನ್ನಮ್ಮ, ಕೈಯಲ್ಲಿ ಬಲ ಇಲ್ವನೇ?"

"ಕೂತ್ರೆ ಏಳಾಕಾಗಲ್ಲ ಶೇಷಕ್ಕ. ತಲೆ ತಿರುಗ್ತದೆ."

ಕನ್ನಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಕ್ಯಾನ್ಸರ್ ಎಂದು ಹೆಸರು ಹೇಳಿದರೆ ನಾಲಿಗೆ ಸುಡುವುದಿಲ್ಲ, ಅದಕ್ಕೇ ಬಾಯಿ ಬಿಟ್ಟು ಹೇಳುತ್ತಿದ್ದೇನೆ. ನನಗೂ ಬಂದಿತ್ತು. ಆಪರೇಷನ್, ಔಷಧಿ ಎಲ್ಲ ಮುಗಿಸಿ ಈಗ ಗದ್ದೆ ಕೆಲಸಕ್ಕೂ ಹೋಗುತ್ತೇನೆ, ಜಗಳಕ್ಕೂ ಹೋಗುತ್ತೇನೆ. ಕನ್ನಮ್ಮನಿಗೆ ಶಿವಮೊಗ್ಗದಲ್ಲಿ ಕೀಮೋ ಶುರುವಾಗಿತ್ತು. ಕೀಮೋ ಅಂದರೆ ಗಡ್ಡೆಯನ್ನು ಕರಗಿಸಲು ಡ್ರಿಪ್ ಹಾಕಿ ಕೊಡುವ ಔಷಧಿ.

"ಮೊನ್ನೆ ಔಷಧಿ ಹಾಕಿಸ್ಕಂಡು ಬಂದ್ಯಲ್ಲ?"

"ಹಾಕ್ಲಿಲ್ಲ. ರಕ್ತ ನೋಡಿ ವಾಪಸ್ ಕಳಿಸಿದ್ರು."

ಅಷ್ಟರಲ್ಲಿ ಅವಳ ಗಂಡ ಜಟ್ಟಪ್ಪ ಒಳಗಿನಿಂದ ಬಂದ.

"ಇನ್ನು ಹೋಗದು ಬ್ಯಾಡ ಅಂತ ಮಾಡೀವಿ ಶೇಷಕ್ಕ. ಆ ಔಷಧಿ ಇವಳಿಗೆ ಹಿಡಿಸ್ಲಿಲ್ಲ. ನಾನು ಪಥ್ಯದಲ್ಲೇ ವಾಸಿ ಮಾಡ್ತೀನಿ."

"ಎಂತ ಪಥ್ಯ ಮಾರಾಯ?"

"ಉಪ್ಪಿಲ್ಲದ ಗಂಜಿ. ಬೇಳೆ ಇಲ್ಲ, ಮೊಟ್ಟೆ ಇಲ್ಲ, ಮೀನು ಇಲ್ಲ, ಹಾಲಿಲ್ಲ. ತಿಂದದ್ದೆಲ್ಲ ಗಡ್ಡೆಗೇ ಹೋಗ್ತದಲ್ಲ? ಗಡ್ಡೆನ ಉಪವಾಸ ಕೆಡವಬೇಕು."

ನಮ್ಮ ಕಡೆ ಯಾವ ಕಾಯಿಲೆ ಬಂದರೂ ಮೊದಲು ಪಥ್ಯ. ಕಾಮಾಲೆಗೂ ಪಥ್ಯ, ಕಾಲು ಉಳುಕಿದರೂ ಪಥ್ಯ! ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಕನ್ನಮ್ಮ ನನ್ನ ಕೈ ಹಿಡಿದುಕೊಂಡಳು.

"ಅವ್ರಿಗೆ ಬೈಬ್ಯಾಡ ಶೇಷಕ್ಕ. ನಾನು ಒಬ್ಬಳೇ ಉಣ್ಣಬಾರ್ದು ಅಂತ ಅವ್ರೂ ಅದೇ ಗಂಜಿ ಉಣ್ತಾರೆ."

ಆಗ ಜಟ್ಟಪ್ಪನನ್ನು ಸರಿಯಾಗಿ ನೋಡಿದೆ. ಮೀನಿಲ್ಲದೆ ತುತ್ತು ಎತ್ತದ ಮನುಷ್ಯ. ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು. ನನಗೆ ಬೈಗುಳದ ಬದಲು ಅಳು ಬಂತು.

"ನಿನ್ನ ಪ್ರೀತಿ ದೊಡ್ಡದು ಮಾರಾಯ, ಆದ್ರೆ ದಾರಿ ತಪ್ಪು. ಡಾಕ್ಟ್ರನ್ನ ಕೇಳಿದ್ಯಾ?"

"ಅದೆಂತದೋ ಕೌಂಟು ಅಂದ್ರು. ಮತ್ತೆ ಕೇಳಿದ್ರೆ ಬೈತಾರೇನೋ ಅಂತ ಬಂದ್ವಿ."

"ಬೈದ್ರೆ ನಾನಿಲ್ವಾ!" ಎಂದವಳೇ ಶಿವಮೊಗ್ಗದ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಕನ್ನಮ್ಮನನ್ನು ನೋಡುವ ಡಾಕ್ಟರ್ ವಿನಯಾ ಸಿಕ್ಕರು. "ಅಮ್ಮಾ, ಕನ್ನಮ್ಮನ ವಿಚಾರ ನಮ್ಮ ಬಾಯಿ ಮಾತಲ್ಲಿ ಬಿಡಿಸಿ ಹೇಳಿ," ಎಂದೆ.

"ಆವತ್ತೇ ಬಿಡಿಸಿ ಹೇಳಬೇಕಿತ್ತು, ನಂದೇ ತಪ್ಪು," ಎಂದರು ಅವರು. "ಈ ಔಷಧಿ ಗಡ್ಡೆಗೆ ಹೊಡೆಯುವಾಗ ಒಳ್ಳೆಯ ರಕ್ತಕಣಕ್ಕೂ ಸ್ವಲ್ಪ ಪೆಟ್ಟು ಬೀಳುತ್ತೆ. ಕೌಂಟು ಕಮ್ಮಿ ಅಂದ್ರೆ ಆ ಕಣ ಕಮ್ಮಿ ಅಂತ. ತುಂಬಾ ಜನಕ್ಕೆ ಹಾಗಾಗುತ್ತೆ. ರಕ್ತ ಸುಧಾರಿಸಲಿ ಅಂತ ಒಂದು ವಾರ ಮುಂದಕ್ಕೆ ಹಾಕಿದ್ದು, ಚಿಕಿತ್ಸೆ ನಿಲ್ಲಿಸಿಲ್ಲ. ಆದ್ರೆ ತೂಕ ಯಾಕೆ ಇಷ್ಟು ಇಳಿದಿದೆ?"

ಜಟ್ಟಪ್ಪ ತಡವರಿಸುತ್ತ ಪಥ್ಯದ ಕಥೆ ಹೇಳಿದ. "ತಿಂದ್ರೆ ಗಡ್ಡೆ ಬೆಳೆಯಲ್ವಾ ಅಮ್ಮಾ?"

"ಇಲ್ಲಪ್ಪ. ಉಪವಾಸ ಹಾಕಿದ್ರೆ ಗಡ್ಡೆ ಸಾಯಲ್ಲ, ಕನ್ನಮ್ಮ ಸೊರಗ್ತಾರೆ. ಬೇಳೆ, ಮೊಟ್ಟೆ, ಮೀನು, ಹಾಲು ಎಲ್ಲ ಕೊಡಿ. ಚೆನ್ನಾಗಿ ಬೇಯಿಸಿ, ಬಿಸಿಯಾಗಿ, ಸ್ವಲ್ಪ ಸ್ವಲ್ಪ ಕೊಡಿ. ನೀರನ್ನೂ ಕುದಿಸಿ ಆರಿಸಿ ಕೊಡಿ. ನಾಟಿ ಔಷಧಿ ಏನಾದ್ರೂ ಕೊಡೋ ಹಾಗಿದ್ರೆ ಮುಚ್ಚಿಡಬೇಡಿ, ಮೊದಲು ನನ್ನ ಕೇಳಿ. ಇನ್ನೊಂದು ಮಾತು, ಜ್ವರ ಬಂದ್ರೆ ಕಷಾಯ, ಮಾತ್ರೆ ಅಂತ ಕಾಯಬೇಡಿ. ರಕ್ತಕಣ ಕಮ್ಮಿ ಇರೋವಾಗ ಜ್ವರ ಬೇಗ ಅಪಾಯಕ್ಕೆ ತಿರುಗುತ್ತೆ. ಯಾವ ಹೊತ್ತಾದ್ರೂ ತಕ್ಷಣ ಫೋನ್ ಮಾಡಿ ಹೊರಟು ಬನ್ನಿ."

ಫೋನ್ ಇಟ್ಟ ಮೇಲೂ ಜಟ್ಟಪ್ಪನ ಮುಖದ ಗಂಟು ಬಿಚ್ಚಲಿಲ್ಲ. "ಅವ್ರು ಹೇಳ್ತಾರೆ. ಹೆಚ್ಚುಕಮ್ಮಿ ಆದ್ರೆ ಹೋಗೋಳು ನನ್ನ ಹೆಂಡ್ತಿ," ಎಂದ. ಆ ರಾತ್ರಿಯೂ ಗಂಜಿಯೇ ಆಯಿತು.

ಹುಣ್ಣಿಮೆ ಬಂತು. ಪೈರಿನ ಒಡಲಲ್ಲಿ ತೆನೆ ಮೂಡಿ ಹೊಡೆ ಕಟ್ಟುವ ಈ ಕಾಲದಲ್ಲಿ ಭೂಮಿತಾಯಿ ಬಸುರಿ ಎಂದು ನಾವು ನಂಬುತ್ತೇವೆ. ಬಸುರಿಯ ಬಯಕೆ ತೀರಿಸಲು ಬಗೆಬಗೆ ಅಡುಗೆ ಮಾಡಿ ಬೆಳಿಗ್ಗೆ ಗದ್ದೆಗೆ ಒಯ್ಯುತ್ತೇವೆ. ಈ ಸಲ ಜಟ್ಟಪ್ಪನ ಮನೆಯ ಎಡೆಯ ಅಡುಗೆಯನ್ನೂ ನಾನೇ ಮಾಡಿದೆ. ಕನ್ನಮ್ಮ ಹಟ ಹಿಡಿದು ನಮ್ಮ ಜೊತೆ ಬಂದು ಗದ್ದೆಯಂಚಿನಲ್ಲಿ ಕೂತಳು.

ಜಟ್ಟಪ್ಪ ಎಲೆ ಹಾಕಿ ಕಡುಬು, ಸೊಪ್ಪಿನ ಪಲ್ಯ, ಪಾಯಸ ಬಡಿಸಿದ. "ಉಣ್ಣು ತಾಯಿ, ಹೊಟ್ಟೆ ತುಂಬ ಉಣ್ಣು," ಎಂದು ಕೈಮುಗಿದ.

ಹಿಂದಿನಿಂದ ಕನ್ನಮ್ಮ ಸಣ್ಣ ದನಿಯಲ್ಲಿ, "ನಂಗೂ ಒಂದು ಕಡುಬು ತಿನ್ಬೇಕು ಅನಿಸ್ತದೆ," ಎಂದಳು.

ಜಟ್ಟಪ್ಪ ತಿರುಗಿ ನೋಡಿದ. ಹಾಗೇ ಬದುವಿನ ಮೇಲೆ ಕುಸಿದು ಕೂತ.

"ತೆನೆ ತುಂಬಾಕೆ ಭೂಮಿಗೇ ಊಟ ಬೇಕು ಅಂತ ಇಲ್ಲಿ ಬಡಿಸ್ತಾ ಇದೀನಿ. ಮನೇಲಿ ಇವಳನ್ನ ಉಪವಾಸ ಕೆಡವೀನಲ್ಲ ಶೇಷಕ್ಕ!" ಎಂದು ಮಗುವಿನ ಹಾಗೆ ಅತ್ತ.

ಅವಳ ಪಾಲಿನ ಬುತ್ತಿಯನ್ನು ನಾನು ಬೇರೆಯೇ ಕಟ್ಟಿ ತಂದಿದ್ದೆ. ಬಿಸಿ ಇನ್ನೂ ಆರಿರಲಿಲ್ಲ. ಅವನು ಕೈ ತೊಳೆದು, ಕಡುಬು ಮುರಿದು ಬೇಳೆ ಸಾರಿನಲ್ಲಿ ಅದ್ದಿ ಅವಳ ಬಾಯಿಗಿಟ್ಟ. "ನೀವೂ ಉಣ್ಣಿ," ಎಂದು ಅವಳು ಅವನ ಬಾಯಿಗೂ ಇಟ್ಟಳು. ಮಾರನೇ ದಿನ ಅವರ ಮನೆಯಿಂದ ಮೀನು ಸಾರಿನ ಪರಿಮಳ ಬಂದಾಗ ನಾನು ಬೇಲಿಯಿಂದಲೇ ಕೂಗಿ ಅಣಕಿಸಿದೆ.

ಮುಂದಿನ ವಾರ ಶಿವಮೊಗ್ಗಕ್ಕೆ ಹೋದರು. ರಕ್ತ ಸುಧಾರಿಸಿತ್ತು, ಔಷಧಿ ಹಾಕಿದರು. ದೀಪಾವಳಿ ಹೊತ್ತಿಗೆ ಕನ್ನಮ್ಮನಿಗೆ ಜ್ವರ ಬಂತು. ಜಟ್ಟಪ್ಪ ಕಷಾಯದ ಪಾತ್ರೆ ಮುಟ್ಟಲಿಲ್ಲ, ಫೋನ್ ಮಾಡಿ ಕಾರು ತರಿಸಿ ಹೊರಟೇಬಿಟ್ಟ. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಚಿಕಿತ್ಸೆ ಇನ್ನೂ ಇದೆ. ಕೂದಲು ಉದುರಿದೆ, ಔಷಧಿ ಮುಗಿದ ಮೇಲೆ ಮತ್ತೆ ಬರುತ್ತದಂತೆ. ಉದುರಿ ಮತ್ತೆ ಬೆಳೆದ ನನ್ನ ಜಡೆಯನ್ನೇ ತೋರಿಸಿ ಧೈರ್ಯ ಹೇಳಿದ್ದೇನೆ.

ಮೊನ್ನೆ ಅವಳ ಜಗಲಿಯಲ್ಲಿ ಆ ಬುಟ್ಟಿ ನೋಡಿ, "ಈ ಸೊಟ್ಟ ಗೆರೆ ಒರೆಸಬಾರ್ದೇನೇ?" ಎಂದೆ.

"ಇರ್ಲಿ ಬಿಡು. ಮುಂದಿನ ವರ್ಷ ಹೊಸ ಮಣ್ಣು ಬಳಿದು ನೆಟ್ಟಗೆ ಎಳೀತೀನಿ," ಎಂದಳು. ಮುಂದಿನ ವರ್ಷ ಎಂಬ ಮಾತು ಅವಳ ಬಾಯಲ್ಲಿ ಕೇಳಿ ಜಟ್ಟಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಅಕ್ಕ, ಅಣ್ಣ, ಕೇಳಿಸಿಕೊಳ್ಳುತ್ತಿದ್ದೀರಲ್ಲ? ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ, ಹತ್ತಿರ ಕೂತುಕೊಳ್ಳಿ. ಡಾಕ್ಟರು ಹೇಳಿದ್ದು ಅರ್ಥವಾಗದಿದ್ದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳಿ. ನಿಮಗೆ ನೀವೇ ಪಥ್ಯ ಕಟ್ಟಬೇಡಿ, ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಏನು ತಿನ್ನಬೇಕೆಂದು ಅವರನ್ನೇ ಕೇಳಿ. ಕೀಮೋ ನಡೆಯುವಾಗ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮತ್ತೆ ನಿಮ್ಮ ಮನೆಯಲ್ಲೂ ಯಾರಾದರೂ ಬರೀ ಗಂಜಿಯ ಮುಂದೆ ಕೂತಿದ್ದರೆ, ಇವತ್ತೇ ಹತ್ತಿರ ಹೋಗಿ ಕೇಳಿ: ನಿಂಗೆ ಎಂತ ತಿನ್ಬೇಕು ಅನಿಸ್ತದೆ?