ಗೋಡೆಯ ತೂತು, ಕೊನೆಯ ಪುಟ

ಪೆಟ್ಟಿಗೆಯನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿ. ಇಂಟರ್ನೆಟ್ ಕಂಪನಿಯ ಫೋನಿನಲ್ಲಿ ಯಾರು ಸಿಕ್ಕರೂ ಇದೊಂದೇ ಮಂತ್ರ. ರಾಡೋಯ್ಕಾ ಒಂದು ತಿಂಗಳಲ್ಲಿ ನಲವತ್ತೊಂದು ಸಲ ಹತ್ತು ಎಣಿಸಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವರು. ಕೊಟ್ಟಿಗೆಗೆ ಬಂದು ನೋಡುವ ವ್ಯವಧಾನ ಒಬ್ಬರಿಗೂ ಇರಲಿಲ್ಲ.

ತೊಂದರೆಯಾದರೂ ನೆಟ್ಟಗಿತ್ತೇ? ಹವಾಮಾನದ ಪುಟ ತೆರೆಯುತ್ತಿತ್ತು, ಸುದ್ದಿಯ ಪುಟ ತೆರೆಯುತ್ತಿತ್ತು, ಅವಳಿಗೆ ಬೇಕಾದ ಪತ್ರಿಕೆಯ ಪುಟ ಮಾತ್ರ ಅರ್ಧಕ್ಕೆ ನಿಂತು ಬಿಳಿಚಿಕೊಳ್ಳುತ್ತಿತ್ತು. ಅರ್ಧ ಗಂಟೆ ಕಳೆದರೆ ಪತ್ರಿಕೆ ಬರುತ್ತಿತ್ತು, ಹವಾಮಾನ ನಾಪತ್ತೆ. ಒಮ್ಮೊಮ್ಮೆ ಎಲ್ಲವೂ ಸರಾಗ, ಒಮ್ಮೊಮ್ಮೆ ಎಲ್ಲವೂ ಬಂದ್. ರೌಟರ್ ಎಂಬ ಆ ಪೆಟ್ಟಿಗೆಯ ಹಸಿರು ದೀಪಗಳು ಮಾತ್ರ ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಮಿಣಮಿಣ ಎನ್ನುತ್ತಿದ್ದವು. ಪೂರ್ತಿ ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಇದು ಸಾಯದೆ ಸತಾಯಿಸುತ್ತಿತ್ತು.

ರಾಡೋಯ್ಕಾ ಪದಬಂಧ ಕಟ್ಟುವವಳು. ಮೂವತ್ತೊಂದು ವರ್ಷದಿಂದ ಬೆಲ್‌ಗ್ರೇಡಿನ ಒಂದು ವಾರಪತ್ರಿಕೆಯ ಕೊನೆಯ ಪುಟದ ದೊಡ್ಡ ಪದಬಂಧ ಅವಳದೇ. ಯುದ್ಧದ ವರ್ಷದಲ್ಲೂ ನೀಶ್ ಊರಿನ ಈ ಮೂರನೇ ಮಹಡಿಯಿಂದ, ಕರೆಂಟಿಲ್ಲದೆ ಮೇಣದಬತ್ತಿ ಇಟ್ಟುಕೊಂಡು, ಒಂದು ವಾರವೂ ತಪ್ಪಿಸದೆ ಕಳಿಸಿದ್ದಳು. ಆಗ ಅಂಚೆಯಿತ್ತು. ಈಗ ಪತ್ರಿಕೆಯವರು ತಮ್ಮ ವೆಬ್‌ಸೈಟಿನ ಮೂಲಕ, ಅದೂ ಗುರುವಾರ ಬೆಳಗ್ಗೆ ಏಳರಿಂದ ಮಧ್ಯಾಹ್ನ ಹನ್ನೆರಡರೊಳಗೆ ಬಂದರೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಎರಡು ಗುರುವಾರ ಅವಳ ಪುಟ ತಲುಪಲಿಲ್ಲ. ಆ ಎರಡು ವಾರವೂ ಕಂಪ್ಯೂಟರ್ ತಾನೇ ಹೆಣೆದ ಪದಬಂಧವೊಂದು ಅಲ್ಲಿ ಬಂದು ಕೂತಿತು.

"ಬೇಜಾರು ಮಾಡ್ಕೋಬೇಡಿ ರಾಡೋಯ್ಕಾ ಅವರೇ," ಎಂದಿದ್ದಳು ಸಂಪಾದಕಿ ಯಾಸ್ನಾ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಈ ಗುರುವಾರನೂ ಆಗ್ಲಿಲ್ಲ ಅಂದ್ರೆ ಆ ಪುಟಾನ ಮಷೀನಿಗೇ ಬಿಟ್ಬಿಡೋಣ ಅಂತಿದೀವಿ. ನೀವೂ ಎಷ್ಟು ದಿನ ಅಂತ ದುಡೀತೀರಿ? ಆರಾಮಾಗಿರಿ."

"ಆರಾಮಾಗಿರೋದಕ್ಕೆ ಗೋರಿ ಇದೆ," ಎಂದು ರಾಡೋಯ್ಕಾ ಫೋನ್ ಕುಕ್ಕಿದ್ದಳು. ಗಂಡ ಮಿಲುಟಿನ್ ಹೋಗಿ ಮೂರು ವರ್ಷ. ಅವನ ನಂತರ ವಾರಕ್ಕೊಂದು ಲೆಕ್ಕ, ದಿನಕ್ಕೊಂದು ಆಕಾರ ಉಳಿದದ್ದು ಆ ಪುಟದಿಂದಲೇ. ಅದನ್ನು ಮಷೀನಿಗೆ ಬಿಡಬೇಕಂತೆ!

ಅವತ್ತೇ ಅವಳು ಚೌಕುಳಿ ಪುಸ್ತಕವೊಂದನ್ನು ತೆಗೆದಳು. ಅಡ್ಡಕ್ಕೆ ಗಂಟೆಗಳು, ಕೆಳಕ್ಕೆ ದಿನಗಳು. ಅರ್ಧರ್ಧ ಗಂಟೆಗೆ ಐದು ವೆಬ್‌ಸೈಟ್ ತೆರೆದು ನೋಡುವುದು. ಐದೂ ಬಂದರೆ ಚೌಕ ಬಿಳಿ. ಒಂದು ಕೈಕೊಟ್ಟರೂ ಕಪ್ಪು. ಅವರು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿದಳು. ಲ್ಯಾಪ್‌ಟಾಪಿಗೆ ನೇರ ತಂತಿ ಸಿಕ್ಕಿಸಿದಳು, ಕಪ್ಪು. ಮೊಬೈಲಿನಲ್ಲಿ ನೋಡಿದಳು, ಕಪ್ಪು. ಪೆಟ್ಟಿಗೆಯ ಮೇಲೆ ತಾನೇ ಹೆಣೆದು ಹೊದಿಸಿದ್ದ ಬಿಳಿ ದಾರದ ಹೊದಿಕೆಯನ್ನು ಮೂರು ದಿನ ತೆಗೆದಿಟ್ಟಳು. ಆಗಲೂ ಕಪ್ಪು. ನಾಲ್ಕನೇ ದಿನ ಹಟದಿಂದ ಮತ್ತೆ ಹೊದಿಸಿದಳು. ಬೋಳು ಪೆಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳಲು ಅವಳೇನು ಬೀದಿಯಲ್ಲಿ ಬಿದ್ದಿದ್ದಳೇ?

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಕಂಪನಿಯ ರಿಪೇರಿಯವನು ಬಂದ. ಹೆಸರು ಗೊರಾನ್, ನಲವತ್ತರ ಆಸುಪಾಸು. ಅವನು ಬಾಗಿಲಿಗೆ ಬಂದದ್ದೇ ತಡ, ಐದಕ್ಕೆ ಐದೂ ವೆಬ್‌ಸೈಟ್ ಪಟಪಟ ತೆರೆದವು. ಡಾಕ್ಟರ ಮುಂದೆ ಹಲ್ಲು ನೋಯುವುದುಂಟೇ!

"ಎಲ್ಲಾ ಸರಿ ಇದ್ಯಲ್ಲ ಚಿಕ್ಕಮ್ಮ?"

"ನಾನು ಯಾವಾಗಿಂದಪ್ಪ ನಿಮ್ಮಮ್ಮನ ತಂಗಿ ಆಗಿದ್ದು? ಈ ಪುಸ್ತಕ ನೋಡು. ಕಪ್ಪು ಇರೋದೆಲ್ಲಾ..."

ಅವನ ಕಣ್ಣು ಪುಸ್ತಕದ ಕಡೆ ಹೋಗಲೇ ಇಲ್ಲ. ಹೊದಿಕೆಯ ಮೇಲೆ ನೆಟ್ಟಿತ್ತು. "ಅಯ್ಯೋ ಚಿಕ್ಕಮ್ಮ! ಇದಕ್ಕೆ ಸ್ವೆಟರ್ ಹಾಕಿದೀರಲ್ಲ! ಇದೇ ನೋಡಿ ಕಾಯಿಲೆ. ಬಿಸಿಯಾಗಿ ಒದ್ದಾಡ್ತಿದೆ ಪಾಪ."

"ಮೂರು ದಿನ ತೆಗೆದಿಟ್ಟಿದ್ದೆ ಕಣಯ್ಯಾ. ಬರೆದಿದೀನಿ, ಓದು."

ಗೊರಾನ್ ಓದಲಿಲ್ಲ. ಬಗ್ಗಿ ಪೆಟ್ಟಿಗೆಯ ಬೆನ್ನು ನೋಡಿದ. ಬೂದು ಬಣ್ಣದ ತಂತಿಯೊಂದು ಅಲ್ಲಿಂದ ಹೊರಟು, ದೊಡ್ಡ ಬೀರುವಿನ ಹಿಂದೆ ಹಾದು, ಗೋಡೆಯೊಳಗೆ ಮಾಯವಾಗಿತ್ತು. "ಇದೆಲ್ಲಿಗೆ ಹೋಗುತ್ತೆ?"

"ಗೋಡೆಗೆ."

"ಗೋಡೆ ಆಚೆ ಯಾರಿದಾರೆ?"

ಆಚೆ ಇದ್ದವನು ತಿಹೊಮಿರ್, ನಿವೃತ್ತ ರೈಲು ಚಾಲಕ. ಹತ್ತು ವರ್ಷದ ಹಿಂದೆ ಮಿಲುಟಿನ್ ಮತ್ತು ಅವನು ಇಬ್ಬರೂ ಬೆಳಗ್ಗೆಯಿಂದ ರಕಿಯಾ ಎಂಬ ಹಣ್ಣಿನ ಸಾರಾಯಿ ಹೀರುತ್ತ ಗೋಡೆ ಕೊರೆದು ಆ ತಂತಿ ಎಳೆದು, ಅವನ ಮನೆಯಲ್ಲೂ ಒಂದು ಪೆಟ್ಟಿಗೆ ಕೂರಿಸಿದ್ದರು. ಹಿಂದಿನ ಕಾಲದಲ್ಲಿ ಎರಡು ಮನೆಗೆ ಒಂದೇ ಟೆಲಿಫೋನ್ ಲೈನು ಇರುತ್ತಿತ್ತಲ್ಲ, ಒಬ್ಬರು ಮಾತಾಡಿದರೆ ಇನ್ನೊಬ್ಬರ ಫೋನು ಮೂಕವಾಗುತ್ತಿತ್ತಲ್ಲ, ಆ ಲೈನಿನಲ್ಲಿ ಇಪ್ಪತ್ತು ವರ್ಷ ಬಾಳಿದ ಮನೆಗಳಿವು. ನನಗೆ ಲೈನ್ ಇರುವತನಕ ನಿನಗೂ ಲೈನ್ ಎಂದು ಮಿಲುಟಿನ್ ಮಾತು ಕೊಟ್ಟಿದ್ದ. ಅವನು ಹೋದ ಮರುವರ್ಷ, ಶರತ್ಕಾಲದಲ್ಲಿ, ತಿಹೊಮಿರ್ ಬಾಲ್ಕನಿಯಲ್ಲಿ ಒಲೆ ಹೂಡಿ ಐವಾರ್ ಚಟ್ನಿ ಮಾಡಲೆಂದು ಕೆಂಪು ಮೆಣಸಿನಕಾಯಿ ಸುಟ್ಟ. ಹೊಗೆಯೆಲ್ಲ ರಾಡೋಯ್ಕಾ ಒಗೆದು ಹಾಕಿದ್ದ ಬಿಳಿ ಪರದೆಗಳಿಗೆ. ಅವಳು ಒಂದು ಬಕೆಟ್ ನೀರು ತಂದು ಒಲೆಯ ಮೇಲೇ ಸುರಿದಳು. ಆ ವರ್ಷ ಅವನ ಮನೆಯಲ್ಲಿ ಐವಾರ್ ಇಲ್ಲ, ಇವಳ ಕಿಟಕಿಗೆ ಪರದೆ ಇಲ್ಲ, ಇಬ್ಬರ ನಡುವೆ ಮಾತಿಲ್ಲ. ಅವನು ಬೇರೆ ಲೈನ್ ಹಾಕಿಸಿಕೊಂಡಿರಬೇಕು, ಈ ತಂತಿ ಎಂದೋ ಸತ್ತಿರಬೇಕು ಎಂದೇ ಅವಳು ತಿಳಿದಿದ್ದಳು.

"ಇನ್ನೊಂದು ಮನೆಗೆ ಲೈನ್ ಕೊಡೋ ಹಾಗಿಲ್ಲ ಚಿಕ್ಕಮ್ಮ, ಕರಾರಲ್ಲಿದೆ," ಎಂದ ಗೊರಾನ್ ಒಂದು ಕಾಗದ ತೆಗೆದು. "ತಂತಿ ಕಿತ್ತಿದೀನಿ ಅಂತ ಸಹಿ ಹಾಕಿ. ಹೊಸ ಪ್ಯಾಕೇಜ್, ಹೊಸ ಪೆಟ್ಟಿಗೆ, ಎರಡು ವರ್ಷದ್ದು. ಇಲ್ಲಾಂದ್ರೆ ದೋಷ ಗಿರಾಕಿಯದೇ ಅಂತ ಬರೀಬೇಕಾಗುತ್ತೆ."

"ಮೊದಲು ಹೊದಿಕೆ. ಈಗ ತಂತಿ. ಆಮೇಲೆ ಪೆಟ್ಟಿಗೆ. ಇನ್ನು ನನ್ನ ವಯಸ್ಸೊಂದು ಬಾಕಿ ಇದೆ, ಅದನ್ನೂ ಬರ್ಕೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನಿಮ್ಮ ಒಳ್ಳೇದಕ್ಕೇ ಹೇಳ್ದೆ."

"ಕಾಫಿ ಮುಗಿಸು, ಹೊರಡು. ನನ್ನ ಗಂಡ ಎಳೆದ ತಂತಿ ಅದು. ನಿನ್ನ ಕಾಗದ ಹೇಳ್ತು ಅಂತ ಕೀಳಲ್ಲ."

ಕಾಫಿ ಕೊಡದೆ ಕಳಿಸಲು ಅವಳಿಗೆ ಬರುತ್ತಿರಲಿಲ್ಲ. ಅವನು ಕಾಫಿ ಮುಗಿಸಿ, ಕಾಗದವನ್ನು ಮೇಜಿನ ಮೇಲೆ ಬಿಟ್ಟು, ನಾಳೆ ಫೋನ್ ಮಾಡುತ್ತೇನೆ ಎಂದು ಹೋದ.

ಗುರುವಾರ ಬಂತು. ಏಳು ಗಂಟೆಗೆ ಪತ್ರಿಕೆಯ ಪುಟ ತೆರೆಯಿತು. ಅವಳು ಪದಬಂಧ ಸೇರಿಸಿ ಕಳಿಸು ಎಂದು ಒತ್ತಿದ ಮೇಲೆ ಕಾಲು ಭಾಗ ಹೋಗಿ ನಿಂತಿತು. ಎಂಟಕ್ಕೆ ಮತ್ತೆ ಅದೇ. ಒಂಬತ್ತಕ್ಕೆ ಪುಟವೇ ಇಲ್ಲ. ಹತ್ತೂವರೆಗೆ ಅರ್ಧದವರೆಗೆ ಹೋಗಿ ಅವಳ ಎದೆಬಡಿತ ಏರಿಸಿ ಮುಗ್ಗರಿಸಿತು. ಗೋಡೆಯಾಚೆ ತಿಹೊಮಿರನ ರೇಡಿಯೊ ಬೇರೆ. ಹಾಡು ಎರಡು ಸಾಲು ಬರುವುದು, ಕಡಿಯುವುದು, ಮತ್ತೆ ಬರುವುದು. ನನ್ನನ್ನು ಕೆಣಕಲೆಂದೇ ಮಾಡುತ್ತಿದ್ದಾನೆ ಮುದಿಯ ಎಂದು ಅವಳು ಹಲ್ಲು ಕಡಿದಳು.

ಹನ್ನೊಂದೂ ಕಾಲಿಗೆ ಅವಳು ಕಂಪ್ಯೂಟರ್ ಬಿಟ್ಟು ಪುಸ್ತಕ ಹಿಡಿದು ಕೂತಳು. ಬಿಡಿಸಲಾಗದ ಪದಬಂಧ ಎಂಬುದಿಲ್ಲ, ಸರಿಯಾಗಿ ನೋಡದ ಕಣ್ಣಿರುತ್ತದೆ ಅಷ್ಟೆ. ಕಪ್ಪು ಎಲ್ಲೆಂದರಲ್ಲಿ ಚೆಲ್ಲಿತ್ತು. ಅವಳು ಕಪ್ಪನ್ನು ಬಿಟ್ಟು ಬಿಳಿಯನ್ನು ನೋಡಿದಳು. ಬುಧವಾರ ಎಂಟರಿಂದ ಹನ್ನೆರಡು, ಒಂದೂ ಕಪ್ಪಿಲ್ಲ. ಭಾನುವಾರ ಒಂಬತ್ತರಿಂದ ಹನ್ನೊಂದು, ಒಂದೂ ಕಪ್ಪಿಲ್ಲ. ದಿನಾ ರಾತ್ರಿ ಹತ್ತರ ಮೇಲೆ ಎಲ್ಲ ಬಿಳಿ. ಬುಧವಾರ ಸಂತೆ. ಭಾನುವಾರ ಚರ್ಚು. ಆ ಹೊತ್ತಿನಲ್ಲೆಲ್ಲ ಗೋಡೆ ಮೌನವಾಗಿರುತ್ತಿತ್ತು.

ಹೊರಗೆ ಹೊರಟಾಗ, ಮಲಗುವಾಗ, ಬೆಂಕಿಯ ಭಯಕ್ಕೆ ಮನೆಯ ಸ್ವಿಚ್ಚೆಲ್ಲ ಆರಿಸುವವನು ತಿಹೊಮಿರ್. ಅವನ ರೇಡಿಯೊ ಹಾಡುವುದು ಇಂಟರ್ನೆಟ್ಟಿನಿಂದ, ಅದು ಹಾಡಿದಾಗ ಅವನ ಪೆಟ್ಟಿಗೆಯೂ ಎದ್ದಿರುತ್ತದೆ. ತಂತಿ ಸತ್ತಿಲ್ಲ! ಅವನ ಪೆಟ್ಟಿಗೆ ಅದೇ ತಂತಿಯಲ್ಲಿ ಈ ಮನೆಗೆ ಬಂದು, ನಾನೇ ರೌಟರ್, ನನ್ನನ್ನೇ ಕೇಳಿ ಎನ್ನುತ್ತಿದೆ. ಒಂದೇ ಒರೆಯಲ್ಲಿ ಎರಡು ಕತ್ತಿ. ಇವಳ ಪೆಟ್ಟಿಗೆಯನ್ನು ಕೇಳಿದ ಪುಟ ಬರುತ್ತದೆ. ಹೊರದಾರಿಯೇ ಇಲ್ಲದ ಅವನ ಪೆಟ್ಟಿಗೆಯನ್ನು ಕೇಳಿದ ಪುಟ ಅಲ್ಲೇ ಸಾಯುತ್ತದೆ.

ಗೊರಾನ್ ಬೆರಳಿಟ್ಟಿದ್ದು ಸರಿಯಾದ ತಂತಿಯ ಮೇಲೇ, ಕುರುಡನ ಕೈಗೆ ಸಿಕ್ಕ ಹಾಗೆ. ಅದು ನೆನಪಾಗಿ ಅವಳಿಗೆ ಮೈ ಉರಿಯಿತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಬೂದು ತಂತಿಯ ತುದಿಯನ್ನು ಹಿಡಿದಾಗ ಮಿಲುಟಿನ್ ಅದರ ಮೇಲೆ ಸುತ್ತಿದ್ದ ಕಪ್ಪು ಪಟ್ಟಿ ಬೆರಳಿಗೆ ತಾಗಿತು, ಅವಳಿಗೆ ದುಃಖ ಒತ್ತರಿಸಿ ಬಂತು. "ಸ್ವಲ್ಪ ಹೊತ್ತು ಕಣೋ," ಎಂದಳು ಗಂಡನಿಗೆ, ಗಟ್ಟಿಯಾಗಿಯೇ. ಕಿತ್ತಳು.

ಗೋಡೆಯಾಚೆ ಹಾಡು ನಿಂತಿತು. ಈಚೆ ಪತ್ರಿಕೆಯ ಪುಟ ತೆರೆಯಿತು.

ಕಾಲು ಭಾಗ. ಅರ್ಧ. ಅಷ್ಟರಲ್ಲಿ ಗೋಡೆಯ ಮೇಲೆ ದಬದಬ ಗುದ್ದು. "ರಾಡೋಯ್ಕಾ! ಪೂರ್ತಿ ಕಿತ್ತೇಬಿಟ್ಯಾ? ಸಮಾಧಾನ ಆಯ್ತಾ?" ಎರಡು ವರ್ಷದಲ್ಲಿ ತಿಹೊಮಿರ್ ಅವಳಿಗೆ ಆಡಿದ ಮೊದಲ ಮಾತು ಅದು.

"ಹನ್ನೆರಡರವರೆಗೆ ಬಾಯಿ ಮುಚ್ಕೊಂಡಿರು!" ಎಂದು ಅವಳೂ ಗೋಡೆಗೆ ಕೂಗಿದಳು, ಕಣ್ಣು ಕಂಪ್ಯೂಟರಿನ ಪರದೆಯಿಂದ ಕೀಳದೆ. ಮುಕ್ಕಾಲು. ಹನ್ನೊಂದು ನಲವತ್ತೆಂಟಕ್ಕೆ ಪತ್ರಿಕೆಯ ಪುಟದಲ್ಲಿ ಒಂದೇ ಸಾಲು ಮೂಡಿತು: ತಲುಪಿದೆ.

ಅವಳು ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರ ಹೋಗಿ ಪಕ್ಕದ ಬಾಗಿಲು ಬಡಿದಳು. ತಿಹೊಮಿರ್ ಚಪ್ಪಲಿಯಲ್ಲಿ ನಿಂತಿದ್ದ, ಮುಖ ಕೆಂಪಗೆ.

"ಒಂದು ತಿಂಗಳಿಂದ ತಂತಿ ಎಳೆದು ಬಿಟ್ಟು, ಎಳೆದು ಬಿಟ್ಟು ಆಟ ಆಡ್ತಿದೀಯ," ಎಂದ. "ಮೆಣಸಿನಕಾಯಿ ಸಿಟ್ಟು ಇನ್ನೂ ಇಳೀಲಿಲ್ವಾ?"

"ನಾನಾ? ನಿನ್ನ ಪೆಟ್ಟಿಗೆಗೆ ಏನು ಮಾಡ್ದೆ ಅದನ್ನ ಹೇಳು ಮೊದಲು."

"ಗುಡುಗು ಬಂದ ದಿನ ನಿಂತೋಯ್ತು. ನೀನೇ ಕಿತ್ತೆ ಅಂದ್ಕೊಂಡೆ. ಹಿಂದುಗಡೆ ಒಂದು ತೂತಿತ್ತು, ಪಿನ್ನು ಹಾಕಿ ಒತ್ದೆ. ಸ್ವಲ್ಪ ಸರಿ ಹೋಯ್ತು, ಸ್ವಲ್ಪ ಹೋಗ್ಲಿಲ್ಲ."

ರಾಡೋಯ್ಕಾ ಒಳಗೆ ನುಗ್ಗಿ ಅವನ ಪೆಟ್ಟಿಗೆಯನ್ನು ಮಗುಚಿದಳು. ತಳದಲ್ಲಿ ಹಳದಿಗಟ್ಟಿದ ಚೀಟಿ, ಮಿಲುಟಿನನ ಓರೆ ಅಕ್ಷರ: "ಈ ಪೆಟ್ಟಿಗೆಯ ವಿಳಾಸದ ಕೊನೆಯ ಸಂಖ್ಯೆ 2, ನಮ್ಮದರದು 1. ವಿಳಾಸ ಹಂಚುವ ಕೆಲಸ ಇದಕ್ಕೆ ಬೇಡ, ಆರಿಸಿಡು. ತಿಹೊಮಿರ್, ಹಿಂದಿನ ತೂತಿಗೆ ಕೈ ಹಾಕಿದರೆ ಕೈ ಮುರಿಯುತ್ತೇನೆ!"

ಇಬ್ಬರೂ ಅದನ್ನು ಓದಿದರು. ಪಿನ್ನು ಒತ್ತಿದ್ದಕ್ಕೆ ಪೆಟ್ಟಿಗೆ ಮಿಲುಟಿನ್ ಹೇಳಿಕೊಟ್ಟಿದ್ದನ್ನೆಲ್ಲ ಮರೆತು ಅಂಗಡಿಯಿಂದ ಬಂದ ದಿನದ ಹಾಗಾಗಿತ್ತು. ತಿಹೊಮಿರ್ ಕುರ್ಚಿ ಎಳೆದು ಕೂತ.

"ನೋಡ್ದೆ ಇರ್ಲಿಲ್ಲ, ಮರ್ತೋಗಿತ್ತು," ಎಂದ. ಆಮೇಲೆ, ಅವಳ ಕಡೆ ನೋಡದೆ, "ಎರಡು ವಾರದಿಂದ ಕೊನೇ ಪುಟದಲ್ಲಿ ನೀನಿಲ್ಲ," ಎಂದ. "ಯಾವುದೋ ಸತ್ತ ಪದಬಂಧ. ಹತ್ತು ನಿಮಿಷಕ್ಕೆ ಮುಗೀತು, ಒಂದು ಸಲನೂ ಬೈಯೋ ಹಾಗಾಗ್ಲಿಲ್ಲ. ನಿನಗೇನಾದ್ರೂ ಆಯ್ತೇನೋ ಅಂತ ಗೋಡೆಗೆ ಕಿವಿ ಕೊಟ್ಟೆ. ನೀನು ಕಂಪನಿಯವರಿಗೆ ಶಾಪ ಹಾಕ್ತಿದ್ದೆ. ಸದ್ಯ, ಬದುಕಿದಾಳೆ ಅಂದ್ಕೊಂಡೆ."

"ನೀನು ನನ್ನ ಪದಬಂಧ ಬಿಡಿಸ್ತೀಯಾ?"

"ಮೂವತ್ತು ವರ್ಷದಿಂದ. ರೈಲಲ್ಲೂ ಬಿಡಿಸ್ತಿದ್ದೆ. ಮಿಲುಟಿನ್ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಆದರೆ ಇವನ ಮುಂದೆ ಅಳುವುದು ರಾಡೋಯ್ಕಾಳ ಜಾಯಮಾನವಲ್ಲ. ಪುಸ್ತಕ ಬಿಚ್ಚಿ ಅವನ ಮುಂದೆ ಕುಕ್ಕಿದಳು. "ಈ ಕಪ್ಪೆಲ್ಲಾ ನಿನ್ನದು. ಆ ಎರಡು ವಾರ ನನ್ನ ಪುಟ ನುಂಗಿದ್ದು ನಿನ್ನ ಪಿನ್ನು. ಮಾಡಿದ್ದುಣ್ಣೋ ಮಹಾರಾಯ! ಈಗ ಎದ್ದು ಕಂಪ್ಯೂಟರ್ ಹಾಕು, ನಾನು ಓದ್ತೀನಿ, ನೀನು ಒತ್ತು."

ಚೀಟಿಯಲ್ಲಿದ್ದಂತೆ ಎರಡು ಜಾಗದಲ್ಲಿ ಬದಲಾಯಿಸುವುದಿತ್ತು, ಅಷ್ಟೇ. ಆದರೂ ತಿಹೊಮಿರ್ ಒಂದೊಂದು ಅಂಕಿಗೂ ಕನ್ನಡಕ ಒರೆಸಿಕೊಂಡ, ಅವಳು ಒಂದೊಂದು ಅಂಕಿಗೂ ಬೈದಳು.

ಅವಳು ಮನೆಗೆ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಗೊರಾನ್.

"ಚಿಕ್ಕಮ್ಮ, ಆ ಕಾಗದಕ್ಕೆ ಸಹಿ ಹಾಕಿದ್ರಾ? ಇವತ್ತು ದೂರು ಮುಗಿಸ್ಬೇಕು."

"ಮುಗಿಸು. ಬರ್ಕೋ. ದೋಷ ಹೊದಿಕೇಲಿ ಇರ್ಲಿಲ್ಲ, ನನ್ನ ಪೆಟ್ಟಿಗೇಲೂ ಇರ್ಲಿಲ್ಲ. ಎರಡು ಪೆಟ್ಟಿಗೆಗೂ ಒಂದೇ ಸಂಖ್ಯೆ ಆಗಿತ್ತು. ಹುಡುಕಿದ್ದೂ ಸರಿ ಮಾಡಿದ್ದೂ ಗಿರಾಕಿ."

"ಅದ್ಹೇಗೆ ಗೊತ್ತಾಯ್ತು?" ಎಂದ ಗೊರಾನ್, ಈ ಸಲ ಅವನ ದನಿಯಲ್ಲಿ ನಗೆಯಿರಲಿಲ್ಲ.

"ಪುಸ್ತಕದಲ್ಲಿತ್ತು. ನಿನ್ನೆ ನಿನ್ನ ಮೂಗಿನ ಕೆಳಗೇ ಹಿಡಿದಿದ್ದೆ."

"ಸರಿ... ಆದ್ರೆ ತಂತಿ ಕಿತ್ರಿ ತಾನೇ?"

"ಕಿತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಅಂತ ಕಿತ್ತಿದ್ದು ಒಂದು ಗಂಟೆ ಆಗೋಯ್ತು. ಫೋನ್ ಇಟ್ಕೊಂಡಿರು, ಕೇಳಿಸ್ತೀನಿ."

ಅವಳು ಬಗ್ಗಿ ತಂತಿಯ ತುದಿಯನ್ನು ಪೆಟ್ಟಿಗೆಗೆ ಸಿಕ್ಕಿಸಿದಳು. ಟಕ್ ಎಂದಿತು. ಪತ್ರಿಕೆಯ ಪುಟ ತೆರೆದಳು, ಬಂತು. ಹವಾಮಾನ ಬಂತು, ಸುದ್ದಿ ಬಂತು, ಐದಕ್ಕೆ ಐದೂ ಬಂದವು. ಗೋಡೆಯಾಚೆ ರೇಡಿಯೊ ಶುರುವಾಯಿತು, ಈ ಸಲ ಎಲ್ಲೂ ಕಡಿಯದೆ. ಅವಳು ಫೋನನ್ನು ಗೋಡೆಗೆ ಒತ್ತಿ ಹಿಡಿದಳು, ಹಾಡು ಒಂದು ಸುತ್ತು ಮುಗಿಯುವವರೆಗೆ.

"ಕೇಳಿಸ್ತಾ? ಈ ತಂತಿ ಇಲ್ಲೇ ಇರುತ್ತೆ. ಕೀಳ್ಬೇಕು ಅಂದ್ರೆ ನಿಮ್ಮ ಕಂಪನಿಯ ದೊಡ್ಡೋರನ್ನೇ ಕಳಿಸು, ಅವರಿಗೂ ಕಾಫಿ ಕೊಟ್ಟು ಕಳಿಸ್ತೀನಿ," ಎಂದು ರಾಡೋಯ್ಕಾ ಫೋನ್ ಇಟ್ಟಳು. ಪೆಟ್ಟಿಗೆಯ ಮೇಲಿನ ಹೊದಿಕೆ ಸೊಟ್ಟಗಾಗಿತ್ತು, ನೇರ ಮಾಡಿದಳು. ಸಹಿಯಿಲ್ಲದ ಕಾಗದವನ್ನು ಮಗುಚಿ, ಅದರ ಬೆನ್ನಿಗೆ ಮುಂದಿನ ವಾರದ ಚೌಕಗಳನ್ನು ಎಳೆಯತೊಡಗಿದಳು. ತಿಹೊಮಿರ್ ಬೈಯುವಷ್ಟು ಕಷ್ಟದ್ದು ಆಗಬೇಕಿತ್ತು.